ಬೇಡವೆನ್ನುವ ಶಕ್ತಿ

(ಹಾಲು ಉತ್ಪಾದಕರ ಸಹಕಾರ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಮಾಡಿದ ಭಾಷಣ)



ಹಾಲಿನ ಸಭೆಯಲ್ಲಿ ಎಚ್.ಐ.ವಿ. ಮಾತೇಕೆ ಎಂದು ತಾವು ಕೇಳಬಹುದು. ನಾನು ಹೇಳಹೊರಟಿರುವುದೂ ಒಂದು ಸಹಕಾರ ಸಂಘದ ಕಥೆಯೇ.

ಕೋಲ್ಕತ್ತದ ಸೋನಾಗಾಚಿ ಎಂಬ ಕೇರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಲೈಂಗಿಕ ವೃತ್ತಿಯಲ್ಲಿದ್ದಾರೆ. 1992ರಲ್ಲಿ ಡಾ. ಸ್ಮರಜಿತ್ ಜಾನಾ ಅವರ ಮುಂದಾಳತ್ವದಲ್ಲಿ ಅಲ್ಲಿ ಎಚ್.ಐ.ವಿ. ತಡೆಯುವ ಕೆಲಸ ಆರಂಭವಾಯಿತು. ಅದೇ ಕೇರಿಯ ಹೆಂಗಸರಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳುಹಿಸಿದರು. ನಿರೋಧ್ ಬಳಸಿದರೆ ಸೋಂಕು ತಡೆಯಬಹುದೆಂದು ತಿಳಿಸಿದರು. ಆದರೆ ತಿಳಿದ ಮಾತ್ರಕ್ಕೆ ಸಾಲದು. ಗಿರಾಕಿ ನಿರೋಧ್ ಒಲ್ಲೆನೆಂದರೆ ಅವನನ್ನು ಹಿಂದಕ್ಕೆ ಕಳುಹಿಸುವುದು ಹೇಗೆ? ಸಾಲ ಕೊಟ್ಟವನಿಗೆ ಬಡ್ಡಿ ಕಟ್ಟಬೇಕು, ಮಕ್ಕಳ ಹೊಟ್ಟೆ ತುಂಬಬೇಕು.

ಈ ಕಷ್ಟ ನಮಗೂ ಹೊಸದಲ್ಲ. ಸಂಘ ಬರುವ ಮೊದಲು, ಮುಂಗಡ ಕೊಟ್ಟ ಹಾಲಿನ ವ್ಯಾಪಾರಿ ಹೇಳಿದ್ದೇ ದರ, ಅಳೆದದ್ದೇ ಅಳತೆ. ಮೋಸವೆಂದು ಗೊತ್ತಿದ್ದರೂ ಹಾಲು ಕೊಡೆವು ಎನ್ನುವ ಶಕ್ತಿ ನಮಗಿರಲಿಲ್ಲ.

1995ರಲ್ಲಿ ಆ ಹೆಂಗಸರು 'ಉಷಾ' ಎಂಬ ಸಹಕಾರ ಸಂಘ ಕಟ್ಟಿದರು. ಸದಸ್ಯರು ಸಚ್ಚಾರಿತ್ರ್ಯದವರಾಗಿರಬೇಕೆಂಬ ಕಾನೂನಿನ ಷರತ್ತು ಅಡ್ಡ ಬಂದಾಗ ಹಟ ಬಿಡದೆ ಅದನ್ನೂ ದಾಟಿದರು. ಉಳಿತಾಯ ಆಯಿತು, ಕಡಿಮೆ ಬಡ್ಡಿಗೆ ಸಾಲ ಸಿಕ್ಕಿತು. ಪ್ರಚಾರ, ಚಿಕಿತ್ಸೆ, ಒಗ್ಗಟ್ಟು, ಉಳಿತಾಯ ಎಲ್ಲ ಸೇರಿ, 1992ರಲ್ಲಿ ನೂರಕ್ಕೆ 3ರಷ್ಟಿದ್ದ ನಿರೋಧ್ ಬಳಕೆ ಆ ದಶಕ ಮುಗಿಯುವ ಹೊತ್ತಿಗೆ 80 ದಾಟಿತು.

ಇನ್ನು ನಮ್ಮ ಮನೆಗಳ ಮಾತು. ಗಂಡ ದುಡಿಯಲು ಪರ ಊರಿಗೆ ಹೋಗಿ ಬಂದರೆ, 'ಮೊದಲು ಇಬ್ಬರೂ ರಕ್ತ ಪರೀಕ್ಷೆ ಮಾಡಿಸೋಣ' ಎನ್ನುವ ಧೈರ್ಯ ನಮ್ಮ ಎಷ್ಟು ಹೆಣ್ಣುಮಕ್ಕಳಿಗಿದೆ? ಕೈಯಲ್ಲಿ ನಾಲ್ಕು ಕಾಸಿದ್ದರೆ ಬಾಯಲ್ಲಿ ಮಾತೂ ಬರುತ್ತದೆ. ಆದ್ದರಿಂದ ಹಸು ಸಾಕುವವಳ ಹೆಸರಿನಲ್ಲೇ ಸದಸ್ಯತ್ವವಿರಲಿ, ಬಟವಾಡೆ ಅವಳ ಖಾತೆಗೇ ಬರಲಿ.

ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಹೆಸರು ಗುಟ್ಟಾಗಿಡುತ್ತಾರೆ. 2004ರಿಂದ ಎ.ಆರ್.ಟಿ. ಔಷಧಿಯೂ ಉಚಿತ. ಅದನ್ನು ತಪ್ಪದೆ ನುಂಗಿ, ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡದು. ಗರ್ಭಿಣಿಯರು ಬೇಗ ಪರೀಕ್ಷೆ ಮಾಡಿಸಿಕೊಂಡರೆ ಮಗುವನ್ನೂ ಕಾಪಾಡಬಹುದು.

ಕೊನೆಯದಾಗಿ ಒಂದು ಮಾತು. ಹಸುವಿನ ಹಾಲಿನಿಂದ, ಕ್ಯಾನು ಮುಟ್ಟುವುದರಿಂದ, ಜೊತೆಯಲ್ಲಿ ಕೂತು ಉಣ್ಣುವುದರಿಂದ ಎಚ್.ಐ.ವಿ. ಬರುವುದಿಲ್ಲ. ಸೋಂಕಿತರನ್ನು ದೂರವಿಡುವುದು 2017ರ ಕಾಯಿದೆಯ ಪ್ರಕಾರವೂ ತಪ್ಪು. ಅಂಥ ಮನೆಯ ತಾಯಿ ಹಾಲು ತಂದರೆ ಸರದಿಯಲ್ಲಿ ಜಾಗ ಕೊಡಿ. ಅವಳ ಹಾಲೂ ನಮ್ಮ ಹಾಲಿನ ಜೊತೆಗೇ ಸೇರಲಿ.