ಜನಾಭಿಪ್ರಾಯ: ಆಜ್ಞೆಯೋ, ಅಲಂಕಾರವೋ?

(ಬೀಳಗಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಜನಮತಗಣನೆಯ ಫಲಿತಾಂಶಕ್ಕೆ ರಾಜಕಾರಣಿಗಳು ಬದ್ಧರಾಗಿರಬೇಕೇ? ಇತರ ಸರಕಾರಗಳೊಂದಿಗೆ ಮಾತುಕತೆಗೆ ಕುಳಿತಾಗ ಆ ಫಲಿತಾಂಶವೇ ಅವರಿಗೆ ದಾರಿ ತೋರಬೇಕೇ? ಮುಳುಗಡೆಯ ನೋವುಂಡ ಈ ತಾಲೂಕಿನಲ್ಲಿ ಇದು ಕೇವಲ ಪಂಡಿತರ ಚರ್ಚೆಯಲ್ಲ.

ನಮ್ಮ ನೆರೆಯ ಗೋವಾವನ್ನೇ ನೋಡೋಣ. ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ, ಬೇಡವೇ ಎಂದು 1967ರ ಜನವರಿ 16ರಂದು ಅಲ್ಲಿನ ಜನರನ್ನು ಕೇಳಲಾಯಿತು. ಬೇಡವೆಂದವರು ಸುಮಾರು 34 ಸಾವಿರ ಮತಗಳಿಂದ ಗೆದ್ದರು. ವಿಲೀನವನ್ನು ಬಯಸಿದ್ದ ದಯಾನಂದ ಬಾಂದೋಡ್ಕರ್ ಅದೇ ವರ್ಷದ ಚುನಾವಣೆಯಲ್ಲಿ ಪುನಃ ಅಧಿಕಾರಕ್ಕೆ ಬಂದರು. ಆದರೂ ಗೋವಾ ವಿಲೀನವಾಗಲಿಲ್ಲ. 1987ರಲ್ಲಿ ಪ್ರತ್ಯೇಕ ರಾಜ್ಯವಾಯಿತು. ನಾಯಕನ ಇಚ್ಛೆಗಿಂತ ಜನರ ತೀರ್ಪು ಮೇಲಾಯಿತು.

ಗ್ರೀಸ್‌ನಲ್ಲಿ ಇದಕ್ಕೆ ವಿರುದ್ಧವಾದುದು ನಡೆಯಿತು. ಸಾಲ ನೀಡಿದವರ ಷರತ್ತುಗಳನ್ನು 2015ರ ಜುಲೈ 5ರಂದು ಶೇ. 61ರಷ್ಟು ಮತದಾರರು ತಿರಸ್ಕರಿಸಿದರು. ಎಂಟೇ ದಿನಗಳಲ್ಲಿ ಅವರ ಸರಕಾರ ಅದಕ್ಕಿಂತ ಕಠಿಣವಾದ ಷರತ್ತುಗಳಿಗೆ ಒಪ್ಪಿಕೊಂಡಿತು. ಏಕೆಂದರೆ ಮೇಜಿನ ಆಚೆ ಕುಳಿತವರಿಗೂ ತಮ್ಮ ಜನರಿದ್ದರು, ಆ ಜನರಿಗೂ ಮತವಿತ್ತು. ಒಂದು ದೇಶದ ಮತ ಇನ್ನೊಂದು ದೇಶಕ್ಕೆ ಆಜ್ಞೆಯಾಗಲಾರದು.

ಈಗ ನಮ್ಮ ಕೃಷ್ಣೆಯ ಕಡೆಗೆ ಬರೋಣ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ನ್ಯಾಯಾಧಿಕರಣವು 2010ರಲ್ಲಿ ಅನುಮತಿ ನೀಡಿತು. ಇದರಿಂದ ಮುಳುಗುವುದು ಸುಮಾರು 75 ಸಾವಿರ ಎಕರೆ ಭೂಮಿ. ಎಕರೆಗೆ ನೀರಾವರಿ ಭೂಮಿಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರವೆಂದು ರಾಜ್ಯ ಸಚಿವ ಸಂಪುಟವು 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಆದರೆ ಮುಳುಗುವವರ ಮತವನ್ನು ಯಾರು ಕೇಳಿದರು? 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಖಾಸಗಿ ಕಂಪೆನಿಗೆ ಭೂಮಿ ವಶಪಡಿಸಿಕೊಳ್ಳಲು ಶೇ. 80ರಷ್ಟು ಸಂತ್ರಸ್ತ ಕುಟುಂಬಗಳ ಒಪ್ಪಿಗೆ ಬೇಕು. ಸರಕಾರದ ಸ್ವಂತ ಯೋಜನೆಗೆ ಆ ಒಪ್ಪಿಗೆ ಬೇಕಿಲ್ಲ. ಅಲ್ಲಿ ಆಕ್ಷೇಪಣೆಯನ್ನು ಆಲಿಸಿದರೆ ಸಾಕು. ಮುಳುಗುವವನಿಗೆ ನೀರು ಯಾರದಾದರೇನು?

ಅಣೆಕಟ್ಟಿನ ಎತ್ತರವನ್ನು ಬೀಳಗಿಯೊಂದೇ ಮತ ಹಾಕಿ ನಿರ್ಧರಿಸಬೇಕೆಂದು ನಾವು ಹೇಳುವುದಿಲ್ಲ. ಆ ನೀರಿಗಾಗಿ ಕಾದಿರುವ ವಿಜಯಪುರದ ರೈತನೂ ಪ್ರಜೆಯೇ. ಎತ್ತರವನ್ನು ಆಕ್ಷೇಪಿಸುವ ಮಹಾರಾಷ್ಟ್ರ, ತೆಲಂಗಾಣಗಳಲ್ಲಿರುವವರೂ ಪ್ರಜೆಗಳೇ. ಆದರೆ ಭೂಮಿಯ ಬೆಲೆ, ಪುನರ್ವಸತಿಯ ಸ್ಥಳ, ನೀರು ಏರುವ ಮೊದಲೇ ಮನೆ ಸಿದ್ಧವಾಗಬೇಕೆಂಬ ಷರತ್ತು, ಇವುಗಳ ಹೊರೆಯನ್ನು ಹೊರುವವರು ಸಂತ್ರಸ್ತರು ಮಾತ್ರ. ಆದ್ದರಿಂದ ಈ ವಿಷಯಗಳಲ್ಲಿ ಗ್ರಾಮಸಭೆಯ ತೀರ್ಪು ಸರಕಾರವನ್ನು ಕಟ್ಟಿಹಾಕಲೇಬೇಕು.

ಅಂತಾರಾಜ್ಯ ಮಾತುಕತೆಯಲ್ಲಾಗಲಿ, ಅಂತಾರಾಷ್ಟ್ರೀಯ ಮಾತುಕತೆಯಲ್ಲಾಗಲಿ ಜನಮತವು ನಮ್ಮ ಪ್ರತಿನಿಧಿಗೆ ಕೊಟ್ಟ ಆದೇಶ. ಎದುರಿನವರ ಮೇಲೆ ಹೊರಿಸಿದ ತೀರ್ಪಲ್ಲ. ಆ ಆದೇಶವನ್ನು ಪೂರೈಸಲಾಗದ ಪ್ರತಿನಿಧಿಯು ಸಹಿ ಹಾಕುವ ಮೊದಲು ಜನರ ಬಳಿಗೆ ಮರಳಿ ಬಂದು ಕಾರಣ ಹೇಳಬೇಕು, ಪುನಃ ಒಪ್ಪಿಗೆ ಕೇಳಬೇಕು. ಕೇಳಿದ ಮೇಲೆ ಕಡೆಗಣಿಸುವುದು ಕೇಳದಿರುವುದಕ್ಕಿಂತ ದೊಡ್ಡ ಅನ್ಯಾಯ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮ ಷರತ್ತುಗಳನ್ನು ಠರಾವಾಗಿ ಬರೆಸಿರಿ, ಅದರ ಪ್ರತಿಯನ್ನು ಕೇಳಿ ಪಡೆಯಿರಿ. ಮತ ಕೇಳಲು ಬರುವ ಪ್ರತಿಯೊಬ್ಬರ ಮುಂದೆಯೂ ಅದನ್ನು ಇಡಿರಿ.