ಮೊಬೈಲಿನ ದುಡ್ಡು ಮತ್ತು ಹೆಣ್ಣಿನ ಭಯ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯೊಂದರಲ್ಲಿ ಆಡಿದ ಮಾತುಗಳು)



ವರದಕ್ಷಿಣೆ, ಹೊಡೆತ ಬಡಿತಗಳ ಬಗ್ಗೆ ಚರ್ಚಿಸುವ ಈ ವೇದಿಕೆಯಲ್ಲಿ ಮೊಬೈಲಿನಲ್ಲಿ ಸಾಮಾನು ಕೊಳ್ಳುವ, ದುಡ್ಡು ಕಟ್ಟುವ ವಿಚಾರವೇಕೆ ಎಂದು ನಿಮಗೆ ಅನ್ನಿಸಬಹುದು. ಕಾಲೇಜಿನಲ್ಲಿ ಅನೇಕ ವರ್ಷ ಅರ್ಥಶಾಸ್ತ್ರ ಪಾಠ ಹೇಳಿದ ನನಗೆ ಇವೆರಡೂ ಬೇರೆ ಎನಿಸುವುದಿಲ್ಲ. ಹೆಣ್ಣಿನ ಕೈಯಲ್ಲಿರುವ ದುಡ್ಡು ಯಾರದು, ಅದು ಕಳೆದಾಗ ಬೈಗುಳ ಯಾರಿಗೆ ಎನ್ನುವುದು ನಮ್ಮ ಚಳವಳಿಯ ಹಳೆಯ ಪ್ರಶ್ನೆಯೇ ಅಲ್ಲವೇ?

ಯುಪಿಐ ಬಂದದ್ದು 2016ರಲ್ಲಿ. ಈಗ ಸೊಪ್ಪಿನ ಗಾಡಿಯ ಮೇಲೂ ಕ್ಯೂಆರ್ ಚೀಟಿ ಅಂಟಿದೆ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಯೂ ಮನೆಯೊಡತಿಯ ಖಾತೆಗೇ ಬಂತು. ಆದರೆ ಎಷ್ಟೋ ಮನೆಗಳಲ್ಲಿ ಖಾತೆ ಅವಳ ಹೆಸರಿನಲ್ಲಿ, ಫೋನು ಗಂಡನ ಜೇಬಿನಲ್ಲಿ, ಪಿನ್ ನಂಬರು ಮಗನ ಬಾಯಲ್ಲಿ. ತನ್ನ ಖಾತೆಯನ್ನು ತಾನೇ ನಡೆಸದ ಹೆಂಗಸಿಗೆ ಮೋಸದ ಗುರುತು ಸಿಗುವುದಾದರೂ ಹೇಗೆ?

ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ತನ್ನ ಹಳೆಯ ಹೊಲಿಗೆ ಮಿಷನ್ ಮಾರಲು ಫೋನಿನಲ್ಲಿ ಫೋಟೋ ಹಾಕಿದಳು. ತಾನು ಮಿಲಿಟರಿಯವನು ಎಂದು ಹೇಳಿಕೊಂಡ ಒಬ್ಬ, ಚೌಕಾಸಿಯನ್ನೇ ಮಾಡದೆ ಒಪ್ಪಿದ. "ಮುಂಗಡ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎಂದ. ಒತ್ತಿದೊಡನೆ ಅವಳ ಖಾತೆಯಿಂದಲೇ 4,000 ರೂಪಾಯಿ ಹೋಯಿತು. "ತಪ್ಪಾಯಿತು ಮೇಡಂ, ಇನ್ನೊಮ್ಮೆ ಒತ್ತಿ, ಎರಡೂ ವಾಪಸ್ ಬರುತ್ತದೆ" ಎಂದ. ಇನ್ನೂ 4,000 ಹೋಯಿತು. ಅವಳು ಎಂಟು ದಿನ ಯಾರಿಗೂ ಬಾಯಿ ಬಿಡಲಿಲ್ಲ. ಗಂಡ ಏನೆನ್ನುತ್ತಾನೋ, ಅತ್ತೆ ಏನೆನ್ನುತ್ತಾರೋ ಎಂಬ ಭಯ. ಅಷ್ಟರಲ್ಲಿ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿ ಮಾಯವಾಗಿತ್ತು.

ಇದರಿಂದ ನಾವು ಕಲಿಯಬೇಕಾದದ್ದು ಎರಡು. ಮೊದಲನೆಯದು, ದುಡ್ಡು ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಸ್ಕ್ಯಾನ್ ಮಾಡಬೇಕಾಗಿಲ್ಲ. ಪಿನ್ ಕೇಳಿತೆಂದರೆ ನಿಮ್ಮ ಹಣ ಹೊರಗೆ ಹೋಗುತ್ತಿದೆ ಎಂದೇ ಅರ್ಥ. ಓಟಿಪಿಯನ್ನು ಬ್ಯಾಂಕಿನವರೆಂದು ಹೇಳಿಕೊಳ್ಳುವವರಿಗೂ ಕೊಡಬಾರದು. ಕೆವೈಸಿ ನೆಪದಲ್ಲಿ, ಮದುವೆ ಕರೆಯೋಲೆಯ ಹೆಸರಿನಲ್ಲಿ ಬರುವ ಎಪಿಕೆ ಫೈಲನ್ನು ತೆರೆಯಬಾರದು. ಸಾವಿರಾರು ರೂಪಾಯಿಯ ರೇಷ್ಮೆ ಸೀರೆ ಮುನ್ನೂರಕ್ಕೆ ಎಂಬ ಜಾಹೀರಾತು ಕಂಡರೆ, ಮಾರುವವರ ವಿಳಾಸವಿದೆಯೇ, ಸಾಮಾನು ಕೈಸೇರಿದ ಮೇಲೆ ಹಣ ಕೊಡಲು ಅವಕಾಶವಿದೆಯೇ ನೋಡಿ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಕಾರ್ಡಿನ ಹಿಂಬದಿ ನೋಡಿ. ಯುಪಿಐಗೆ ಸೇರಿಸಿದ ಖಾತೆಯಲ್ಲಿ ತಿಂಗಳ ಖರ್ಚಿನಷ್ಟೇ ಇರಲಿ, ಉಳಿತಾಯ ಬೇರೆ ಖಾತೆಯಲ್ಲಿರಲಿ.

ಎರಡನೆಯದು ಇದಕ್ಕಿಂತ ಮುಖ್ಯ. ಹಣ ಹೋದ ತಕ್ಷಣ ಹೇಳಬೇಕು. 1930ಕ್ಕೆ ಫೋನ್ ಮಾಡಿ, ಯಾವ ಖಾತೆ, ಎಷ್ಟು ಹೊತ್ತಿಗೆ, ಎಷ್ಟು ಹಣ, ವ್ಯವಹಾರದ ನಂಬರು ಯಾವುದು ಎಂದು ತಿಳಿಸಿದರೆ, ಹಣ ಇನ್ನೂ ಬ್ಯಾಂಕುಗಳಲ್ಲಿ ಇದ್ದರೆ ತಡೆಹಿಡಿಯಲು ಸಾಧ್ಯ. ಜೊತೆಗೇ ನಿಮ್ಮ ಬ್ಯಾಂಕಿಗೂ ತಿಳಿಸಿ, ದೂರಿನ ನಂಬರು ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ, ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದ ಮೋಸವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರು ನಷ್ಟ ಹೊರಬೇಕಾಗಿಲ್ಲ ಎಂದು ಹೇಳಿತು. ಪಿನ್ ಕೊಟ್ಟದ್ದು ನಾವೇ ಆಗಿದ್ದರೂ, ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು ಎಂದಿತು. ಕೊಂಡ ಸಾಮಾನು ಕೆಟ್ಟದ್ದಾದರೆ 1915 ಗ್ರಾಹಕ ಸಹಾಯವಾಣಿಯಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಮಾರಿದವನ ಊರಿಗೆ ಅಲೆಯದೆ ನೀವಿರುವ ಊರಿನ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು.

ಕಾನೂನು ಇಷ್ಟಿದ್ದರೂ ಮನೆಯೊಳಗಿನ ಭಯ ಹೆಣ್ಣಿನ ಬಾಯಿ ಕಟ್ಟುತ್ತದೆ. ಗಂಡಸು ಶೇರುಪೇಟೆಯಲ್ಲಿ ಲಕ್ಷ ಕಳೆದರೆ ಅದು ವ್ಯವಹಾರ, ಹೆಂಗಸು ನಾಲ್ಕು ಸಾವಿರ ಕಳೆದರೆ ಅವಳಿಗೆ ಬುದ್ಧಿಯಿಲ್ಲ! ಮೋಸ ಮಾಡಿದವನನ್ನು ಬಿಟ್ಟು ಮೋಸ ಹೋದವಳನ್ನು ಬೈಯುವ ಈ ಪದ್ಧತಿಯಿಂದ ಲಾಭ ಮೋಸಗಾರನಿಗೇ. "ಇನ್ನು ಫೋನು ಮುಟ್ಟಬೇಡ" ಎಂದು ಅವಳ ಖಾತೆಯನ್ನೂ ಕಸಿದುಕೊಂಡರೆ ಅದು ರಕ್ಷಣೆಯಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯು ಹೆಣ್ಣಿಗೆ ಸಲ್ಲಬೇಕಾದ ಹಣ, ಸ್ತ್ರೀಧನಗಳನ್ನು ಅವಳಿಗೆ ದಕ್ಕದಂತೆ ಮಾಡುವುದನ್ನೂ ದೌರ್ಜನ್ಯವೆಂದೇ ಗುರುತಿಸಿದೆ.

ಆದ್ದರಿಂದ ನಿಮ್ಮ ಪಿನ್ ನಿಮಗೆ ಮಾತ್ರ ಗೊತ್ತಿರಲಿ. ಸಂಘದ ಗೋಡೆಯ ಮೇಲೆ 1930 ಎಂದು ದೊಡ್ಡದಾಗಿ ಬರೆಯಿಸಿ. ವಾರದ ಸಭೆಯಲ್ಲಿ ಹತ್ತು ನಿಮಿಷ ಫೋನು ಬಲ್ಲ ಹುಡುಗಿಯರು ಬಾರದವರಿಗೆ ಕಲಿಸಲಿ. ಯಾರಾದರೂ ಅಳುತ್ತಾ ಬಂದರೆ "ಯಾಕೆ ಒತ್ತಿದೆ?" ಎಂದು ಕೇಳಬೇಡಿ, "ಎಷ್ಟು ಹೊತ್ತಾಯಿತು, ಫೋನ್ ಮಾಡಿದೆಯಾ?" ಎಂದು ಕೇಳಿ, ಜೊತೆಯಲ್ಲಿ ಕೂತು ದೂರು ಕೊಡಿಸಿ.