ನಮಗಿಂತ ಮೊದಲು ಗಡಿ ತಲುಪುವ ನಮ್ಮ ಹೆಸರು



ನಾವು ದುಬೈಗೋ ಜಿದ್ದಾಕ್ಕೋ ಟಿಕೆಟ್ ಕಾದಿರಿಸಿದೊಡನೆ ವಿಮಾನ ಸಂಸ್ಥೆಯ ಕಂಪ್ಯೂಟರಿನಲ್ಲಿ ಒಂದು ದಾಖಲೆ ಸಿದ್ಧವಾಗುತ್ತದೆ. ಹೆಸರು, ದೂರವಾಣಿ ಸಂಖ್ಯೆ, ಹಣ ಪಾವತಿಸಿದ ಬಗೆ, ಪ್ರಯಾಣದ ಮಾರ್ಗ, ಜೊತೆಗಾರರು, ಸಾಮಾನು ಇವೆಲ್ಲವೂ ಅದರಲ್ಲಿ ಸೇರುತ್ತವೆ. 2022ರ ಆಗಸ್ಟ್ 8ರಂದು ಭಾರತ ಸರಕಾರ ಪ್ರಕಟಿಸಿದ ನಿಯಮಗಳ ಪ್ರಕಾರ, ಅಂತಾರಾಷ್ಟ್ರೀಯ ವಿಮಾನ ಹೊರಡುವ 24 ಗಂಟೆ ಮುಂಚೆ, ಇಲ್ಲವೇ ಹೊರಡುವ ವೇಳೆಗೆ, ಈ ವಿವರಗಳನ್ನು ಕಸ್ಟಮ್ಸ್ ಇಲಾಖೆಗೆ ಒಪ್ಪಿಸಬೇಕು. ಅವುಗಳನ್ನು 5 ವರ್ಷ ಕಾಲ ಇರಿಸಿಕೊಳ್ಳಲು ಅವಕಾಶವಿದೆ.

ಕಳ್ಳಸಾಗಣೆಯನ್ನೂ ಭಯೋತ್ಪಾದನೆಯನ್ನೂ ತಡೆಯುವುದು ಸರಕಾರದ ಹೊಣೆ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಪಟ್ಟಿಯೊಂದಿಗೆ ಹೆಸರು ತಾಳೆಯಾದ ಮಾತ್ರಕ್ಕೆ ಮನುಷ್ಯ ಅಪರಾಧಿಯಾಗುತ್ತಾನೆಯೇ? 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಅಮೆರಿಕವು ಪ್ರಯಾಣಿಕರ ಹೆಸರುಗಳನ್ನು ಪಟ್ಟಿಗಳೊಂದಿಗೆ ಹೋಲಿಸುವ ಕ್ರಮವನ್ನು ಬಿಗಿಗೊಳಿಸಿತು. ಹೆಸರಿನ ಸಾಮ್ಯದ ಕಾರಣದಿಂದ ಸ್ವತಃ ಸೆನೆಟರ್ ಎಡ್ವರ್ಡ್ ಕೆನಡಿಯವರನ್ನೇ ವಿಮಾನ ನಿಲ್ದಾಣಗಳಲ್ಲಿ ತಡೆಯಲಾಗಿತ್ತು. 2004ರಲ್ಲಿ ಅವರೇ ಅದನ್ನು ಸೆನೆಟ್ ಸಮಿತಿಯ ಮುಂದೆ ಹೇಳಿದರು. ಅಷ್ಟು ದೊಡ್ಡ ಹೆಸರಿಗೇ ಈ ಪಾಡಾದರೆ, ಗಲ್ಫಿನಲ್ಲಿ ದುಡಿಯುವ ನಮ್ಮೂರಿನ ಸಾಮಾನ್ಯ ಯುವಕನ ಗತಿಯೇನು?

ಯುರೋಪಿನ ನ್ಯಾಯಾಲಯ 2022ರ ಜೂನ್ 21ರ ತೀರ್ಪಿನಲ್ಲಿ ಇದಕ್ಕೆ ಕಡಿವಾಣ ಹಾಕಿತು. ಕಂಪ್ಯೂಟರ್ ತೋರಿಸಿದ ಸಂಶಯವನ್ನು ಅಧಿಕಾರಿಗಳು ಒಂದೊಂದಾಗಿ ಖುದ್ದು ಪರಿಶೀಲಿಸಬೇಕೆಂದು ಅದು ಸ್ಪಷ್ಟಪಡಿಸಿತು.

ನಮ್ಮ ದೇಶದ ನಿಯಮಗಳೂ ಧರ್ಮ, ಜನಾಂಗ, ರಾಜಕೀಯ ಅಭಿಪ್ರಾಯಗಳನ್ನು ಬಯಲುಗೊಳಿಸುವ ಮಾಹಿತಿಯ ಬಳಕೆಯನ್ನು ನಿಷೇಧಿಸಿವೆ. ಇದು ಸ್ವಾಗತಾರ್ಹ. ಆದರೆ ವಿಮಾನದಲ್ಲಿ ನಾವು ಕೇಳುವ 'ಮುಸ್ಲಿಂ ಊಟ'ವನ್ನು ದಾಖಲೆಯಿಂದ ತೆಗೆಯಬಹುದು, ಹೆಸರನ್ನು ತೆಗೆಯಲಾದೀತೇ? ಅಬ್ದುಲ್ಲಾ, ಫಾತಿಮಾ ಎಂಬ ಹೆಸರುಗಳೇ ಧರ್ಮವನ್ನು ಸಾರುತ್ತವೆ. ಆದ್ದರಿಂದ ನಿಷೇಧವನ್ನು ಬರೆದಿಟ್ಟರೆ ಸಾಲದು, ಅದು ಪಾಲನೆಯಾಗುತ್ತಿದೆಯೆಂದು ಜನರಿಗೆ ತಿಳಿಯಬೇಕು. ವರ್ಷಕ್ಕೊಮ್ಮೆ ಸ್ವತಂತ್ರ ತಪಾಸಣೆ ನಡೆಯಬೇಕೆಂದು ಇದೇ ನಿಯಮಗಳು ಹೇಳುತ್ತವೆ. ಆ ತಪಾಸಣೆಯ ವರದಿ ಸಂಸತ್ತಿನ ಮುಂದೆ ಬರಲಿ. ತಪ್ಪಾಗಿ ತಡೆಯಲ್ಪಟ್ಟವರಿಗೆ ದೂರು ನೀಡಲು, ದಾಖಲೆ ತಿದ್ದಿಸಲು ಸುಲಭ ದಾರಿಯಿರಲಿ. ನಮ್ಮ ಬೇಡಿಕೆ ಇಷ್ಟೇ. ಇದು ಒಂದು ಸಮುದಾಯಕ್ಕಾಗಿ ಕೇಳುವ ರಿಯಾಯಿತಿಯಲ್ಲ, ಎಲ್ಲ ಪ್ರಜೆಗಳ ಹಕ್ಕು.

ನಮ್ಮ ಕಡೆಯಿಂದಲೂ ಒಂದು ಎಚ್ಚರ ಅಗತ್ಯ. 'ಮುಹಮ್ಮದ್' ಎಂಬುದನ್ನು ಪಾಸ್‌ಪೋರ್ಟಿನಲ್ಲಿ ಒಂದು ಬಗೆಯಾಗಿ, ಟಿಕೆಟಿನಲ್ಲಿ ಇನ್ನೊಂದು ಬಗೆಯಾಗಿ ಬರೆಸುವ ರೂಢಿ ನಮ್ಮಲ್ಲಿದೆ. ಇದನ್ನು ಬಿಡೋಣ. ಎಜೆಂಟರಿಗೆ ಬಾಯಿಮಾತಿನಲ್ಲಿ ಹೆಸರು ಹೇಳದೆ ಪಾಸ್‌ಪೋರ್ಟನ್ನೇ ತೋರಿಸೋಣ. ನಮಗಿಂತ ಮೊದಲು ಗಡಿ ತಲುಪುವ ಹೆಸರು ಕನಿಷ್ಠಪಕ್ಷ ಸರಿಯಾಗಿರಲಿ.